ಇ-ಕ್ಯಾಡ್‌ಹೆರಿನ್ ಬಣ್ಣ ಬಾರದ ಸ್ಲೈಡ್: ಗಡ್ಡೆಯ ಗುಣವೋ, ನಮ್ಮ ಕೆಲಸದ ದೋಷವೋ?

ಪ್ರಶ್ನೆ: ರೋಗಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ರೋಗಶಾಸ್ತ್ರದ ಎರಡನೆಯ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ. ಕೈಯಲ್ಲಿರುವ ಒಂದು ಸ್ತನದ ಗಡ್ಡೆಯ ವಿಷಯದಲ್ಲಿ ನನಗೆ ತೀರ್ಮಾನಕ್ಕೆ ಬರಲಾಗುತ್ತಿಲ್ಲ. ವಿವರವಾಗಿ ಬರೆಯುತ್ತಿದ್ದೇನೆ, ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ರೋಗಿ ಮಧ್ಯವಯಸ್ಸಿನ ಮಹಿಳೆ. ಶಸ್ತ್ರಚಿಕಿತ್ಸೆ ಬೇರೆ ಊರಿನಲ್ಲಿ ನಡೆದಿದೆ. ತೆಗೆದ ಸ್ತನವನ್ನು ಕೊಯ್ಯದೆ ಇಡಿಯಾಗಿಯೇ ಫಾರ್ಮಲಿನ್ ಡಬ್ಬಿಗೆ ಹಾಕಿ ಕಳಿಸಿದ್ದರು, ಅದು ನಮ್ಮ ವಿಭಾಗಕ್ಕೆ ತಲುಪಿದ್ದು ಮರುದಿನ ಮಧ್ಯಾಹ್ನ. ಮಾಮೂಲಿ ಹೀಮಟಾಕ್ಸಿಲಿನ್-ಇಯೋಸಿನ್ ಸ್ಲೈಡಿನಲ್ಲಿ ಸಣ್ಣ, ಹೆಚ್ಚುಕಡಿಮೆ ಒಂದೇ ಗಾತ್ರದ ಕೋಶಗಳು ನಾರಿನ ನಡುವೆ ಒಂದರ ಹಿಂದೊಂದು ಸಾಲುಗಟ್ಟಿವೆ. ಕೆಲವೆಡೆ ಸಹಜ ನಾಳವನ್ನು ಬಳೆಯಂತೆ ಸುತ್ತುವರಿದಿವೆ. ಇಷ್ಟನ್ನೇ ನೋಡಿದರೆ ಲೋಬ್ಯುಲಾರ್ ಕಾರ್ಸಿನೋಮ (ಕೋಶಗಳು ಬಿಡಿಬಿಡಿಯಾಗಿ ಹರಡುವ ಬಗೆಯ ಸ್ತನ ಕ್ಯಾನ್ಸರ್) ಎನ್ನಬಹುದು. ಆದರೆ ಗಡ್ಡೆಯ ಇನ್ನೊಂದು ಬದಿಯಲ್ಲಿ ಅವೇ ಕೋಶಗಳು ಗುಂಪುಗೂಡಿವೆ, ಒಂದೆರಡು ಕಡೆ ಕೊಳವೆಯ ಆಕಾರಕ್ಕೆ ತಿರುಗಿದಂತೆಯೂ ಕಾಣುತ್ತವೆ. ಹಾಗಾಗಿ ಡಕ್ಟಲ್ (ಕೋಶಗಳು ಗುಂಪು, ಕೊಳವೆ ಕಟ್ಟುವ ಇನ್ನೊಂದು ಬಗೆ) ಇರಬಹುದೇ ಎಂಬ ಅನುಮಾನ ಹೋಗಲಿಲ್ಲ.

ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಇರುವಲ್ಲಿ ಕಂದು ಬಣ್ಣ ತೋರಿಸುವ ಮಾನೊಕ್ಲೋನಲ್ ಪ್ರತಿಕಾಯದಿಂದ ಬಣ್ಣ ಹಾಕಿಸಿದೆವು. ಗಡ್ಡೆಯ ಕೋಶಗಳಲ್ಲಿ ಕಂದು ಬಣ್ಣವೇ ಇಲ್ಲ. ಇ-ಕ್ಯಾಡ್‌ಹೆರಿನ್ ಇಲ್ಲವೆಂದಾದರೆ ಲೋಬ್ಯುಲಾರ್ ಎಂದು ವರದಿ ಬರೆಯಬಹುದೆಂದು ವಿಭಾಗದಲ್ಲಿ ಅಭಿಪ್ರಾಯ ಬಂತು. ನನ್ನ ಕೈ ತಡೆದದ್ದು ಒಂದೇ ಕಾರಣಕ್ಕೆ: ಅದೇ ಸ್ಲೈಡಿನ ಅಂಚಿನಲ್ಲಿ ಎರಡು ಸಹಜ ನಾಳಗಳಿವೆ. ಅವುಗಳ ಒಳಪದರದ ಕೋಶಗಳು ಗಾಢ ಕಂದಾಗಿರಬೇಕಿತ್ತು. ಒಂದು ನಾಳದಲ್ಲಿ ಬಣ್ಣ ಕಂಡೂ ಕಾಣದಷ್ಟು ಮಸುಕಾಗಿದೆ; ಇನ್ನೊಂದು ಬಹುತೇಕ ಖಾಲಿ. ಹೀಗಿರುವಾಗ ಗಡ್ಡೆಯಲ್ಲಿ ಬಣ್ಣವಿಲ್ಲ ಎಂಬ ಮಾತಿಗೆ ಬೆಲೆ ಇದೆಯೇ? ಪ್ರತಿಕಾಯದ ಕ್ಲೋನ್ (ತಳಿ) ಬದಲಿಸಬೇಕೇ, ಅಥವಾ ನಮ್ಮ ವಿಧಾನದಲ್ಲೇ ಎಲ್ಲಾದರೂ ತಪ್ಪಿದೆಯೇ?

ಉತ್ತರ 1: ಹಿರಿಯ ರೋಗಶಾಸ್ತ್ರಜ್ಞೆ, ದಾವಣಗೆರೆ

ನಿಮ್ಮ ಕೈ ತಡೆದದ್ದು ಸರಿಯಾಗಿದೆ. ಆ ಸ್ಲೈಡಿನ ಮೇಲೆ ವರದಿ ಬರೆಯಬೇಡಿ.

ಇ-ಕ್ಯಾಡ್‌ಹೆರಿನ್ ಕೋಶಕ್ಕೆ ಕೋಶವನ್ನು ಅಂಟಿಸಿ ಹಿಡಿದಿಡುವ ಪ್ರೋಟೀನು. ಅದರ ಹೊರಭಾಗದ ಐದು ಘಟಕಗಳು ಕ್ಯಾಲ್ಸಿಯಂನ ನೆರವಿನಿಂದ ಸೆಟೆದು ನಿಂತು ಪಕ್ಕದ ಕೋಶದ ಅದೇ ಪ್ರೋಟೀನನ್ನು ಹಿಡಿಯುತ್ತವೆ. ಒಳಗಿನ ಬಾಲ ಬೀಟಾ-ಕ್ಯಾಟೆನಿನ್ ಮತ್ತು ಪಿ120 ಕ್ಯಾಟೆನಿನ್‌ಗಳನ್ನು ಹಿಡಿದುಕೊಂಡಿರುತ್ತದೆ, ಆಲ್ಫಾ-ಕ್ಯಾಟೆನಿನ್ ಮೂಲಕ ಕೋಶದ ಆಕ್ಟಿನ್ ಎಳೆಗಳಿಗೆ ಕೊಂಡಿ ಹಾಕಿಕೊಳ್ಳುತ್ತದೆ. ಲೋಬ್ಯುಲಾರ್ ಕಾರ್ಸಿನೋಮದಲ್ಲಿ ಈ ಪ್ರೋಟೀನಿನ ಮೂಲವಾದ, 16ನೆಯ ವರ್ಣತಂತುವಿನ ಮೇಲಿರುವ ಸಿಡಿಎಚ್1 ವಂಶವಾಹಿ ಕೆಟ್ಟು ಈ ಹಿಡಿತವೇ ತಪ್ಪಿಹೋಗಿರುತ್ತದೆ. ಪಾಕ ಹಿಡಿಯದ ಮಂಡಕ್ಕಿ ಉಂಡೆಯನ್ನು ಕೈಗೆತ್ತಿಕೊಂಡರೆ ಹೇಗೆ ಒಂದೊಂದೇ ಕಾಳಾಗಿ ಉದುರುತ್ತದೆಯೋ, ಈ ಕೋಶಗಳು ಹಾಗೆ ಬಿಡಿಬಿಡಿಯಾಗಿ ನಾರಿನೊಳಗೆ ಹರಡುತ್ತವೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು.

ಕೋಶದಲ್ಲಿ ಪ್ರೋಟೀನು ಇಲ್ಲದಿದ್ದರೂ ಬಣ್ಣ ಬರುವುದಿಲ್ಲ. ಇದ್ದ ಪ್ರೋಟೀನನ್ನು ನಾವು ಹಾಳುಮಾಡಿದ್ದರೂ ಬರುವುದಿಲ್ಲ. ಸ್ಲೈಡಿನ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಇವುಗಳ ವ್ಯತ್ಯಾಸ ಹೇಳಬಲ್ಲ ಸಾಕ್ಷಿ ಎಂದರೆ ಅದೇ ಚೂರಿನಲ್ಲಿರುವ, ಅದೇ ಫಾರ್ಮಲಿನ್‌ನಲ್ಲಿ ನೆನೆದ, ಅದೇ ಪ್ರತಿಕಾಯದ ಹನಿ ಬಿದ್ದ ಸಹಜ ನಾಳ. ಪ್ರತ್ಯೇಕ ಸ್ಲೈಡಿನ ನಿಯಂತ್ರಣವೂ (ಬಣ್ಣ ಹಿಡಿಯುತ್ತದೆಂದು ಮೊದಲೇ ಗೊತ್ತಿರುವ ಅಂಗಾಂಶ) ಬೇಕು, ಆದರೆ ಅದು ಪ್ರತಿಕಾಯ ಮತ್ತು ಆ ದಿನದ ವಿಧಾನ ಸರಿಯಿವೆಯೇ ಎಂದಷ್ಟೇ ಹೇಳುತ್ತದೆ. ನಿಮ್ಮ ರೋಗಿಯ ಅಂಗಾಂಶ ಹೇಗಿತ್ತು ಎಂಬುದನ್ನು ಆ ನಾಳವೊಂದೇ ಹೇಳಬಲ್ಲದು, ಮತ್ತು ನಿಮ್ಮ ಸ್ಲೈಡಿನಲ್ಲಿ ಅದು ಈಗಾಗಲೇ ಹೇಳಿದೆ.

ಕಾರಣ ಹುಡುಕುವಾಗ ಮೊದಲು ಪ್ರತಿಕಾಯವನ್ನು ದೂರಬೇಡಿ. ಇಡಿಯಾದ ಸ್ತನ ಒಂದು ರಾತ್ರಿ ಡಬ್ಬಿಯಲ್ಲಿತ್ತು ಎಂದು ನೀವೇ ಬರೆದಿದ್ದೀರಿ. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್. ಕೊಬ್ಬಿರುವ ಕಡೆ ಅದಕ್ಕಿಂತಲೂ ನಿಧಾನ. 4 ಸೆಂಟಿಮೀಟರ್ ಆಳದಲ್ಲಿರುವ ಗಡ್ಡೆಯ ನಡುಭಾಗಕ್ಕೆ ಅದು ತಲುಪುವ ಹೊತ್ತಿಗೆ ಅಲ್ಲಿಯ ಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗಿರುತ್ತವೆ. ಹಾರ್ಮೋನ್ ಗ್ರಾಹಕಗಳ ಪರೀಕ್ಷೆಗೆ ವಿಧಿಸಿರುವ ನಿಯಮವನ್ನೇ ಇಲ್ಲಿಯೂ ಪಾಲಿಸುವುದು ಒಳ್ಳೆಯದು: ದೇಹದಿಂದ ಹೊರಬಂದ 1 ಗಂಟೆಯೊಳಗೆ ಕೊಯ್ದು, ಶೇಕಡಾ 10ರ ತಟಸ್ಥ ಬಫರ್ ಫಾರ್ಮಲಿನ್‌ನಲ್ಲಿ ಇಳಿಸಬೇಕು, ಅಂಗಾಂಶದ ಹತ್ತು ಪಟ್ಟಾದರೂ ದ್ರವವಿರಬೇಕು, 6 ಗಂಟೆಗಿಂತ ಕಡಿಮೆಯಾಗಲಿ 72 ಗಂಟೆಗಿಂತ ಹೆಚ್ಚಾಗಲಿ ಅದರಲ್ಲಿ ಬಿಡಬಾರದು.

ಈಗ ಮಾಡಬೇಕಾದದ್ದು ಇಷ್ಟು. ಉಳಿದ ಬ್ಲಾಕುಗಳನ್ನೆಲ್ಲ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಂಡುಗಳನ್ನು) ತೆಗೆದು ನೋಡಿ. ಹೊರಮೈಗೆ ಹತ್ತಿರದಿಂದ ತೆಗೆದ, ಕೋಶಕೇಂದ್ರಗಳು ಸ್ಪಷ್ಟವಾಗಿ ಉಳಿದಿರುವ, ಗಡ್ಡೆಯೂ ಸಹಜ ನಾಳವೂ ಒಟ್ಟಿಗೆ ಇರುವ ಬ್ಲಾಕೊಂದನ್ನು ಆರಿಸಿ, ಅದರಿಂದ ಹೊಸದಾಗಿ ಚೂರು ತೆಗೆಸಿ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕುಳಿತ ಹಳೆಯ ಚೂರುಗಳಲ್ಲಿ ಪ್ರೋಟೀನಿನ ಗುರುತು ಮಾಸುತ್ತದೆ.

ಓದುವಾಗ ಒಂದು ಎಚ್ಚರ. ನಾಳದ ಹೊರಪದರದ ಮಯೋಎಪಿಥೀಲಿಯಲ್ ಕೋಶಗಳು ತಾವೂ ತೆಳುವಾಗಿ ಬಣ್ಣ ಹಿಡಿಯುತ್ತವೆ, ಮತ್ತು ಗಡ್ಡೆ ಸಹಜ ನಾಳಗಳನ್ನು ಒಳಗೆಳೆದುಕೊಂಡಿರುತ್ತದೆ. ಅವುಗಳ ಕಂದನ್ನು ಗಡ್ಡೆಯ ಕಂದೆಂದು ಎಣಿಸಿ ತಪ್ಪಿದವರನ್ನು ನಾನು ಕಂಡಿದ್ದೇನೆ.

ಉತ್ತರ 2: ಪ್ರಯೋಗಾಲಯ ತಂತ್ರಜ್ಞ, ಚಿತ್ರದುರ್ಗ

ಮೇಡಂ, ಮೇಲಿನವರು ಅಂಗಾಂಶದ ಕಡೆಯಿಂದ ಹೇಳಿದ್ದಾರೆ. ನಾನು ಸ್ಲೈಡ್ ಹಾಕುವವನ ಕಡೆಯಿಂದ ಹೇಳುತ್ತೇನೆ. ನಮ್ಮಲ್ಲಿಯೂ ಒಮ್ಮೆ ಇ-ಕ್ಯಾಡ್‌ಹೆರಿನ್ ಮೂರು ವಾರ ಸತತವಾಗಿ ಮಸುಕಾಗಿ ಬಂತು. ಸೀಸೆ ಬದಲಿಸಿದೆವು, ಪ್ರತಿಕಾಯದ ಸಾಂದ್ರತೆ ಹೆಚ್ಚಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಸಿಕ್ಕಿದ ಕಾರಣ ನೀರು.

ಫಾರ್ಮಲಿನ್ ಪ್ರೋಟೀನುಗಳ ನಡುವೆ ಅಡ್ಡಕೊಂಡಿಗಳನ್ನು ಹೆಣೆದು, ಪ್ರತಿಕಾಯ ಕೂರಬೇಕಾದ ಜಾಗವನ್ನು ಮುಚ್ಚಿಬಿಡುತ್ತದೆ. ಅದನ್ನು ತೆರೆಯಲು ಸ್ಲೈಡುಗಳನ್ನು ಬಫರಿನಲ್ಲಿಟ್ಟು ಬಿಸಿ ಮಾಡುತ್ತೇವೆ. ಈ ಪ್ರೋಟೀನಿಗೆ 6ರ ಪಿಎಚ್‌ನ ಸಿಟ್ರೇಟಿಗಿಂತ 9ರ ಪಿಎಚ್‌ನ ಟ್ರಿಸ್-ಇಡಿಟಿಎ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅನುಭವ. ಅದರಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ ಕಂಡರೆ ಬಿಡುವುದಿಲ್ಲ, ಅದನ್ನು ಕಚ್ಚಿ ಹಿಡಿಯುತ್ತದೆ. ಡಿಸ್ಟಿಲ್ಡ್ ವಾಟರ್ ಮುಗಿದಿತ್ತೆಂದು ಹೊಸದಾಗಿ ಬಂದ ಹುಡುಗ ಬೋರ್‌ವೆಲ್ ನೀರಿನಲ್ಲಿ ಬಫರ್ ಕಲಸಿದ್ದ. ನಮ್ಮ ಕಡೆಯ ಬೋರಿನ ನೀರು ಎಷ್ಟು ಗಡಸೆಂದರೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೆಲವೇ ವಾರಗಳಲ್ಲಿ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ಉಗುರಿನಿಂದ ಕೆರೆದರೂ ಏಳದು. ಆ ನೀರಿನ ಕ್ಯಾಲ್ಸಿಯಂ ಬಫರಿನ ಇಡಿಟಿಎಯನ್ನು ಸ್ಲೈಡ್ ಮುಟ್ಟುವ ಮೊದಲೇ ಮುಗಿಸಿಬಿಟ್ಟಿತ್ತು. ಡಿಸ್ಟಿಲ್ಡ್ ವಾಟರಿನಲ್ಲಿ ಕಲಸಿ, ಮೀಟರ್ ಹಾಕಿ ಪಿಎಚ್ ನೋಡಿ ಮಾಡಿದ ಮೊದಲ ದಿನವೇ ಬಣ್ಣ ಮರಳಿತು. ಪಿಎಚ್ ಅನ್ನು ಬಫರ್ ತಣ್ಣಗಿರುವಾಗಲೇ ನೋಡಬೇಕು, ಏಕೆಂದರೆ ಟ್ರಿಸ್ ಬಿಸಿಯಾದಂತೆ ಅದರ ಪಿಎಚ್ ಇಳಿಯುತ್ತದೆ.

ಎರಡನೆಯದು ಶಾಖ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ನಮ್ಮ ದುರ್ಗ ಇನ್ನೂ ಸ್ವಲ್ಪ ಮೇಲೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ತೆರೆದ ಪಾತ್ರೆಯಲ್ಲಿ ಮಾಡುವವರು 20 ನಿಮಿಷಕ್ಕಿಂತ ಕಡಿಮೆ ಮಾಡಬಾರದು. ಪ್ರೆಷರ್ ಕುಕ್ಕರಿನಲ್ಲಿ ಶಾಖ ಇನ್ನೂ ಮೇಲೇರುವುದರಿಂದ ಕೆಲವೇ ನಿಮಿಷ ಸಾಕು. ಕುಕ್ಕರ್ ಆರಿಸಿದ ಕೂಡಲೇ ಸ್ಲೈಡನ್ನು ತಣ್ಣೀರಿಗೆ ಹಾಕದಿರಿ. ಬಫರಿನೊಂದಿಗೇ ಇಪ್ಪತ್ತು ನಿಮಿಷ ತಣಿಯಲಿ, ಇಲ್ಲದಿದ್ದರೆ ಚೂರು ಕಿತ್ತು ಬರುತ್ತದೆ.

ಮೂರನೆಯದು ಬೇಸಗೆ. ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಗೆ, ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಚೂರಿನ ಮೇಲಿನ ಹನಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಅಂಚು ಒಣಗಿದಲ್ಲಿ ಸುಳ್ಳು ಕಂದು ಬರುತ್ತದೆ, ನಡುವೆ ಬಣ್ಣ ಕೆಡುತ್ತದೆ. ಮುಚ್ಚಳವಿರುವ ಡಬ್ಬಿಯ ತಳಕ್ಕೆ ಒದ್ದೆ ಕಾಗದ ಹಾಸಿ ಅದರೊಳಗೆ ಸ್ಲೈಡುಗಳನ್ನು ಮಲಗಿಸಿ.

ಸೀಸೆಯ ಬಗ್ಗೆಯೂ ಒಂದು ಮಾತು. ನಮಗೆ ಪ್ರತಿಕಾಯ ಬರುವುದು ಬೆಂಗಳೂರಿನಿಂದ. ಒಮ್ಮೆ ಶನಿವಾರ ಹೊರಟ ಪೆಟ್ಟಿಗೆ ಸೋಮವಾರ ಕೈ ಸೇರಿತು, ಒಳಗಿನ ಐಸ್ ಪ್ಯಾಕುಗಳು ಬೆಚ್ಚಗಿದ್ದವು. ಅಂದಿನಿಂದ ಬಂದ ಪ್ರತಿಯೊಂದು ಸೀಸೆಯನ್ನೂ ರೋಗಿಯ ಸ್ಲೈಡಿಗೆ ಹಾಕುವ ಮೊದಲು, ಚೆನ್ನಾಗಿ ಬಣ್ಣ ಹಿಡಿಯುತ್ತದೆಂದು ಗೊತ್ತಿರುವ ಅಪೆಂಡಿಕ್ಸಿನ ಚೂರಿನ ಮೇಲೆ ಹಳೆಯ ಸೀಸೆಯ ಜೊತೆಗಿಟ್ಟು ನೋಡುತ್ತೇವೆ. ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲಿಡಿ, ಬಾಗಿಲಿನ ಅರೆಯಲ್ಲಿ ಬೇಡ. ಬಳಕೆಗೆ ಸಿದ್ಧವಾಗಿ ಬರುವ ಪ್ರತಿಕಾಯವನ್ನು ಉಳಿತಾಯಕ್ಕೆಂದು ಮತ್ತೆ ನೀರು ಮಾಡುವ ಅಭ್ಯಾಸ ಕೆಲವೆಡೆ ಇದೆ. ಅದು ಖಂಡಿತ ಕೂಡದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಿಚಾರಿಸಿದೆ: ನಮ್ಮಲ್ಲಿ ಬಫರನ್ನು ಡಿಸ್ಟಿಲ್ಡ್ ವಾಟರಿನಲ್ಲೇ ಮಾಡುತ್ತಾರೆ, ಆದರೆ ಆ ದಿನ ಇತರ ಪರೀಕ್ಷೆಗಳ ಜೊತೆಗೆ ಇದನ್ನೂ 6ರ ಸಿಟ್ರೇಟಿನಲ್ಲಿಟ್ಟಿದ್ದರಂತೆ. ಅಪೆಂಡಿಕ್ಸಿನ ನಿಯಂತ್ರಣ ಸ್ಲೈಡಿನಲ್ಲಿ ಬಣ್ಣ ಬಂದಿತ್ತು, ಸ್ವಲ್ಪ ತೆಳುವಾಗಿ. ಕ್ಲೋನಿನ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಎಲ್ಲವೂ ಇ-ಕ್ಯಾಡ್‌ಹೆರಿನ್ನಿಗೇ ಅಂಟುವುದಾದರೆ ಯಾವ ಕ್ಲೋನ್ ಆದರೇನು?

ಉತ್ತರ 3: ಕೋಶಜೀವಶಾಸ್ತ್ರದ ಸಂಶೋಧಕ, ಊರು ದಾವಣಗೆರೆ, ಕೆಲಸ ಬೆಂಗಳೂರು

ವ್ಯತ್ಯಾಸವಿದೆ, ಅದಕ್ಕೆ ಕಾರಣ ಮಾನೊಕ್ಲೋನಲ್ ಪ್ರತಿಕಾಯದ ಹುಟ್ಟಿನಲ್ಲೇ ಇದೆ. ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿದ ವಿಧಾನದಂತೆ, ಪ್ರತಿಕಾಯ ತಯಾರಿಸುವ ಒಂದು ಕೋಶವನ್ನು ಮೈಲೋಮ ಎಂಬ ಕ್ಯಾನ್ಸರಿನ ಕೋಶದೊಡನೆ ಬೆಸೆದು, ಆ ಒಂದೇ ಬೆಸುಗೆಯ ಸಂತತಿಯನ್ನು ಬೆಳೆಸುತ್ತಾರೆ. ಹಾಗಾಗಿ ಒಂದು ಕ್ಲೋನಿನ ಅಣುಗಳೆಲ್ಲ ಪ್ರೋಟೀನಿನ ಒಂದೇ ಒಂದು ಪುಟ್ಟ ಜಾಗವನ್ನು, ಅಂದರೆ ಎಪಿಟೋಪನ್ನು ಗುರುತಿಸುತ್ತವೆ. ಬಲವೂ ಅದೇ, ಮಿತಿಯೂ ಅದೇ. ಇಡೀ ಪ್ರೋಟೀನು ಕೋಶದಲ್ಲಿದ್ದು ಆ ಒಂದು ಜಾಗ ಮಾತ್ರ ಮುಚ್ಚಿಹೋಗಿದ್ದರೂ ನಿಮಗೆ ಕಾಣುವುದು ಖಾಲಿ ಸ್ಲೈಡ್.

ಎರಡು ಉದಾಹರಣೆ ಕೊಡುತ್ತೇನೆ. ಎಚ್‌ಇಸಿಡಿ-1 ಎಂಬ ಕ್ಲೋನನ್ನು ಜಪಾನಿನಲ್ಲಿ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರಿನ ಕೋಶಗಳನ್ನು ಇಲಿಗೆ ಚುಚ್ಚಿ ಪಡೆದರು. 1989ರಲ್ಲಿ ಅದನ್ನು ಪ್ರಕಟಿಸಿದವರಲ್ಲಿ ಕ್ಯಾಡ್‌ಹೆರಿನ್‌ಗಳನ್ನು ಕಂಡುಹಿಡಿದ ಮಸತೋಷಿ ತಾಕೇಯಿಚಿಯವರೂ ಒಬ್ಬರು. ಅದು ಪೊರೆಯ ಹೊರಗಿನ ಭಾಗವನ್ನು ಹಿಡಿಯುತ್ತದೆ. ಕ್ಲೋನ್ 36 ಎಂಬುದು ಪೊರೆಯ ಒಳಗಿನ ಬಾಲವನ್ನು ಹಿಡಿಯುತ್ತದೆ. ಗಡ್ಡೆಯ ವಂಶವಾಹಿ ನಡುವೆ ಮುರಿದು, ಬಾಲವಿಲ್ಲದ ಮೋಟು ಪ್ರೋಟೀನು ತಯಾರಾಗುತ್ತಿದ್ದರೆ, ಒಳಭಾಗದ ಕ್ಲೋನಿಗೆ ಅದು ಕಾಣುವುದೇ ಇಲ್ಲ. ಹೊರಭಾಗದ ಕ್ಲೋನಿಗೆ ಒಂದಷ್ಟು ಕಂಡೀತು. ಇದರ ತಿರುಗುಮುರುಗೂ ಉಂಟು: ಕೋಶದ ಹೊರಗಿನ ಕಿಣ್ವಗಳು ಇ-ಕ್ಯಾಡ್‌ಹೆರಿನ್ನಿನ ಹೊರಭಾಗವನ್ನು ಸುಮಾರು 80 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ತುಂಡಾಗಿ ಕತ್ತರಿಸಿ ಹಾಕಿದಾಗ, ಬಾಲ ಪೊರೆಯಲ್ಲೇ ಉಳಿಯುತ್ತದೆ. ಆಗ ಒಳಭಾಗದ ಕ್ಲೋನ್ ‘ಇದೆ’ ಎನ್ನುತ್ತದೆ, ಹೊರಭಾಗದ್ದು ‘ಇಲ್ಲ’ ಎನ್ನುತ್ತದೆ. ಎರಡರ ಮಾತೂ ನಿಜವೇ. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್ ಮಾಡಿದರೆ ಪೂರ್ಣ ಪ್ರೋಟೀನು 120 ಕಿಲೋಡಾಲ್ಟನ್ ಎತ್ತರದಲ್ಲಿ ಬರುವುದರಿಂದ ಅಲ್ಲಿ ಈ ಭೇದ ಕಣ್ಣಿಗೆ ಕಾಣುತ್ತದೆ, ಸ್ಲೈಡಿನಲ್ಲಿ ಕಾಣುವುದಿಲ್ಲ. ಹಾಗಾಗಿ ವರದಿಯಲ್ಲಿ ಕ್ಲೋನಿನ ಹೆಸರನ್ನು ಬರೆಯಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ನಿಮ್ಮದು ಅಂಗಾಂಶದ ಪ್ರಶ್ನೆಯಾದರೂ, ಮುಂದೆ ಕೋಶಗಳನ್ನು ಬೆಳೆಸಿ ಫ್ಲೋ ಸೈಟೋಮೆಟ್ರಿ (ಬಿಡಿ ಕೋಶಗಳನ್ನು ಒಂದೊಂದಾಗಿ ಯಂತ್ರದಲ್ಲಿ ಹಾಯಿಸಿ ನೋಡುವ ಪರೀಕ್ಷೆ) ಮಾಡುವವರಿಗೆ ಉಪಯೋಗವಾದೀತೆಂದು ಒಂದು ವಿಷಯ ಸೇರಿಸುತ್ತೇನೆ. ತಟ್ಟೆಯಿಂದ ಕೋಶಗಳನ್ನು ಎಬ್ಬಿಸಲು ನಾವು ಟ್ರಿಪ್ಸಿನ್-ಇಡಿಟಿಎ ಹಾಕುತ್ತೇವೆ; ಟ್ರಿಪ್ಸಿನ್ ಎಂದರೆ ಪ್ರೋಟೀನು ಕತ್ತರಿಸುವ ಕಿಣ್ವ. ಇಡಿಟಿಎ ಕ್ಯಾಲ್ಸಿಯಂ ಕಸಿದುಕೊಂಡ ಕೂಡಲೇ ಇ-ಕ್ಯಾಡ್‌ಹೆರಿನ್ನಿನ ಹೊರಭಾಗ ಸಡಿಲವಾಗುತ್ತದೆ, ಟ್ರಿಪ್ಸಿನ್ ಅದನ್ನು ತಿಂದುಹಾಕುತ್ತದೆ. ಆಮೇಲೆ ಎಚ್‌ಇಸಿಡಿ-1 ಹಾಕಿದರೆ ಎಂಸಿಎಫ್-7ರಲ್ಲೂ ಏನೂ ಸಿಗುವುದಿಲ್ಲ. ಕ್ಯಾಲ್ಸಿಯಂ ಇರುವಾಗ ಟ್ರಿಪ್ಸಿನ್ ಇದನ್ನು ಮುಟ್ಟಲಾರದು ಎಂಬ ಗುಣದಿಂದಲೇ ತಾಕೇಯಿಚಿಯವರು ಈ ಪ್ರೋಟೀನಿನ ಜಾಡು ಹಿಡಿದದ್ದು. ಮೊದಲ ವರ್ಷದಲ್ಲಿ ಈ ಒಂದು ತಪ್ಪಿನಿಂದ ನಾನು ಎರಡು ತಿಂಗಳ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ಇನ್ನೊಂದು ಸಲಹೆ: ಎಂಸಿಎಫ್-7 ಇ-ಕ್ಯಾಡ್‌ಹೆರಿನ್ ಚೆನ್ನಾಗಿ ತಯಾರಿಸುತ್ತದೆ, ಎಂಡಿಎ-ಎಂಬಿ-231 ಎಂಬ ಇನ್ನೊಂದು ಸ್ತನ ಕ್ಯಾನ್ಸರಿನ ಕೋಶಗಳು ತಯಾರಿಸುವುದಿಲ್ಲ. ಇವೆರಡನ್ನೂ ಫಾರ್ಮಲಿನ್‌ನಲ್ಲಿ ಹಾಕಿ ಮೇಣದ ಬ್ಲಾಕು ಮಾಡಿಟ್ಟುಕೊಂಡರೆ ಹೊಸ ಸೀಸೆಯ ಪರೀಕ್ಷೆಗೆ ‘ಇದೆ’, ‘ಇಲ್ಲ’ ಎರಡೂ ಒಂದೇ ಸ್ಲೈಡಿನಲ್ಲಿ ಸಿಗುತ್ತವೆ.

ಉತ್ತರ 1 ಬರೆದವರು

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ನಮ್ಮಂಥ ಆಸ್ಪತ್ರೆಗಳಲ್ಲಿ ಎರಡೆರಡು ಕ್ಲೋನ್ ತರಿಸಿಡುವುದಕ್ಕಿಂತ ಪಿ120 ಕ್ಯಾಟೆನಿನ್ ತರಿಸಿಡುವುದು ಹೆಚ್ಚು ಉಪಯುಕ್ತ. ಇ-ಕ್ಯಾಡ್‌ಹೆರಿನ್ ಇದ್ದಾಗ ಪಿ120 ಅದರ ಬಾಲವನ್ನು ಹಿಡಿದು ಪೊರೆಯ ಉದ್ದಕ್ಕೂ ನಿಲ್ಲುತ್ತದೆ. ಇಲ್ಲವಾದಾಗ ಹಿಡಿಯಲು ಏನೂ ಸಿಗದೆ ಕೋಶದ್ರವದ ತುಂಬ ಹರಡಿಕೊಳ್ಳುತ್ತದೆ. ಇ-ಕ್ಯಾಡ್‌ಹೆರಿನ್ನಿನ ನಷ್ಟವನ್ನು ನಾವು ಬಣ್ಣ ಬಾರದಿರುವುದರಿಂದ ಊಹಿಸಬೇಕು, ಪಿ120ರಲ್ಲಾದರೆ ಅದೇ ನಷ್ಟ ಕೋಶದ ತುಂಬ ಕಂದು ಬಣ್ಣವಾಗಿ ಎದುರಿಗೇ ಕಾಣುತ್ತದೆ. ಅನುಮಾನವಿದ್ದಾಗ ಖಾಲಿ ಸ್ಲೈಡಿಗಿಂತ ಬಣ್ಣವಿರುವ ಸ್ಲೈಡನ್ನು ನಂಬುವುದು ಸುಲಭ.

ಲೋಬ್ಯುಲಾರ್ ಗಡ್ಡೆಗಳಲ್ಲಿ ನೂರಕ್ಕೆ ಹತ್ತು-ಹದಿನೈದು ಇ-ಕ್ಯಾಡ್‌ಹೆರಿನ್ ಬಣ್ಣ ಹಿಡಿಯುತ್ತವೆ ಎಂಬುದನ್ನೂ ಮರೆಯಬೇಡಿ. ಆಗ ಪೊರೆಯ ಗೆರೆ ತುಂಡುತುಂಡಾಗಿ, ಚುಕ್ಕೆಚುಕ್ಕೆಯಾಗಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣ ಕೂಡ ಕೋಶಗಳ ಜೋಡಣೆಗೇ ಮೊದಲ ಮಣೆ ಹಾಕುತ್ತದೆ.

ಪ್ರಶ್ನೆ ಕೇಳಿದವರು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಹೊರಮೈಗೆ ಹತ್ತಿರದ ಬ್ಲಾಕಿನಲ್ಲಿ ಗಡ್ಡೆಯೂ ನಾಲ್ಕು ಸಹಜ ನಾಳಗಳೂ ಸಿಕ್ಕವು. 3 ಮೈಕ್ರಾನಿನ ಹೊಸ ಚೂರು, 9ರ ಟ್ರಿಸ್-ಇಡಿಟಿಎ, ಕುಕ್ಕರ್. ಅದೇ ಸೀಸೆ, ಅದೇ ಕ್ಲೋನ್. ನಾಲ್ಕೂ ನಾಳಗಳಲ್ಲಿ ಒಳಪದರದ ಪ್ರತಿಯೊಂದು ಕೋಶದ ಸುತ್ತ ಗಾಢ ಕಂದು ಗೆರೆ ಬಂದಿದೆ. ಜೇನುಹುಟ್ಟಿನ ಕಣ್ಣುಗಳನ್ನು ಮೇಲಿನಿಂದ ನೋಡಿದಂತೆ ಒಂದೊಂದು ಕೋಶದ ಗಡಿಯೂ ಎಣಿಸುವಷ್ಟು ಸ್ಪಷ್ಟ. ಅದರ ಸುತ್ತ ಬಳೆಯಾಗಿ ನಿಂತ ಗಡ್ಡೆಯ ಕೋಶಗಳಲ್ಲಿ ಹೀಮಟಾಕ್ಸಿಲಿನ್ನಿನ ನೀಲಿಯ ಹೊರತು ಏನೂ ಇಲ್ಲ. ಗುಂಪುಗೂಡಿದ ಭಾಗವೂ ಹಾಗೇ ಇದೆ. ಕೊಳವೆಯಂತೆ ಕಂಡದ್ದು ಗಡ್ಡೆ ಒಳಗೆಳೆದುಕೊಂಡ ಸಹಜ ನಾಳದ ಚೂರೇ ಆಗಿತ್ತು, ಅದು ಕಂದಾಗಿದೆ. ಪಿ120 ಬೇರೆಡೆಯಿಂದ ತರಿಸಿ ಮಾಡಿಸಿದೆವು: ಗಡ್ಡೆಯ ಕೋಶಗಳಲ್ಲಿ ಕೋಶದ್ರವದ ತುಂಬ ಹರಡಿದೆ, ನಾಳಗಳಲ್ಲಿ ಪೊರೆಯ ಮೇಲೆ ನಿಂತಿದೆ. ಲೋಬ್ಯುಲಾರ್ ಕಾರ್ಸಿನೋಮ ಎಂದು, ಕ್ಲೋನಿನ ಹೆಸರು ಮತ್ತು ಆಂತರಿಕ ನಿಯಂತ್ರಣದ ಸ್ಥಿತಿಯನ್ನು ನಮೂದಿಸಿ ವರದಿ ಕೊಟ್ಟೆವು.

ಮೊದಲ ಸ್ಲೈಡಿನ ಮೇಲೆ ಬರೆದಿದ್ದರೂ ಇದೇ ಹೆಸರು ಬರುತ್ತಿತ್ತು ಎಂದು ವಿಭಾಗದಲ್ಲಿ ಒಬ್ಬರು ಹೇಳಿದರು. ನಿಜ, ಆದರೆ ಆ ಸ್ಲೈಡಿನಲ್ಲಿ ಡಕ್ಟಲ್ ಗಡ್ಡೆಯಿದ್ದಿದ್ದರೂ ಅದೇ ಹೆಸರೇ ಬರುತ್ತಿತ್ತು. ಹಾಗಾಗಿ ಕಳೆದ ಮೂರು ತಿಂಗಳಲ್ಲಿ ಇ-ಕ್ಯಾಡ್‌ಹೆರಿನ್ ಇಲ್ಲವೆಂದು ಬರೆದ ಏಳು ಸ್ಲೈಡುಗಳನ್ನು ತೆಗೆಸಿ ನೋಡಿದೆ. ಐದರಲ್ಲಿ ಸಹಜ ನಾಳ ಚೆನ್ನಾಗಿ ಬಣ್ಣ ಹಿಡಿದಿದೆ. ಇನ್ನೆರಡು ಸೂಜಿ ಬಯಾಪ್ಸಿಗಳು, ಅವುಗಳಲ್ಲಿ ಸಹಜ ನಾಳವೇ ಇಲ್ಲ. ಅವುಗಳ ಬ್ಲಾಕು ಹುಡುಕಿ ಕೊಡಲು ಕೇಳಿದ್ದೇನೆ. ಸೋಮವಾರ ಅಪೆಂಡಿಕ್ಸಿನ ಚೂರನ್ನು ಅದೇ ಸ್ಲೈಡಿನ ಮೇಲೆ ಕೂರಿಸಿ, ಪಿ120 ಜೊತೆಗೂ ಮತ್ತೆ ಹಾಕಿಸುತ್ತೇವೆ.